ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ: ಒಂದು ಭಯದ ಇತಿಹಾಸ



ಕಳೆದ ವರ್ಷ ನಮ್ಮ ಶಾಲೆಯ ನಾಲ್ಕನೇ ತರಗತಿಯ ಹುಡುಗನೊಬ್ಬನಿಗೆ ನಾಯಿ ಕಚ್ಚಿತು. ಎರಡು ದಿನ ಶಾಲೆಗೆ ಬರಲಿಲ್ಲ. ನಾವು ಮನೆಗೆ ಹೋಗಿ ನೋಡಿದರೆ ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಿ ಬಟ್ಟೆ ಕಟ್ಟಿದ್ದರು. "ನಾಟಿ ಮದ್ದು ಕೊಡಿಸಿದ್ದೀವಿ ಮೇಷ್ಟ್ರೇ. ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿದರೆ ಮಗು ತಡಕೊಳ್ಳುತ್ತಾ?" ಎಂದರು ಅವನ ಅಜ್ಜಿ. ಆ ಹದಿನಾಲ್ಕು ಸೂಜಿ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷವಾಗಿದೆ. ಭಯ ಮಾತ್ರ ನಿಂತಿಲ್ಲ. ಆ ಭಯಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಭಾಗ ನಡೆದದ್ದು ನಮ್ಮದೇ ನೀಲಗಿರಿ ಜಿಲ್ಲೆಯ ಕೂನೂರಿನಲ್ಲಿ.

1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಬಾರಿ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ಭಾರತದಲ್ಲಿ ಇಂಥ ಚಿಕಿತ್ಸೆ ಕೊಡುವ ಮೊದಲ ಸಂಸ್ಥೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಶುರುವಾಯಿತು. ನಮ್ಮ ಬೆಟ್ಟದಿಂದ ಅಲ್ಲಿಗೆ ಹೋಗುವುದೆಂದರೆ ಇಡೀ ದೇಶ ದಾಟಬೇಕಿತ್ತು. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಆಂಗ್ಲ ಯುವತಿ ಈ ರೋಗದಿಂದ ತೀರಿಕೊಂಡರು. ದಕ್ಷಿಣ ಭಾರತದಲ್ಲಿ ಆಗ ಲಸಿಕೆಯೇ ಇರಲಿಲ್ಲ. ಆ ಸಾವಿನ ನಂತರ, ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ಹಣದ ನೆರವಿನಿಂದ 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು.

ಸಂಸ್ಥೆ ಹತ್ತಿರ ಬಂತು, ಆದರೆ ಚಿಕಿತ್ಸೆ ಸುಲಭವಾಗಿರಲಿಲ್ಲ. 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದನ್ನು ದಿನಕ್ಕೊಂದರಂತೆ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಿತ್ತು. ಹೆಚ್ಚಿನವರಿಗೆ ನೋವು, ಊತ. ಅಪರೂಪಕ್ಕೆ ಕೆಲವರಿಗೆ ನರದ ತೊಂದರೆಯಾಗಿ ಲಕ್ವ ಹೊಡೆದದ್ದೂ ಉಂಟು. ಕೂಲಿ ಮಾಡುವ ಮನೆಯವರು ಎರಡು ವಾರ ಕೆಲಸ ಬಿಟ್ಟು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ತಿರುಗಬೇಕಿತ್ತು. ಹೀಗಿರುವಾಗ ಪಕ್ಕದ ಹಟ್ಟಿಯ ಪಂಡಿತರು ಒಂದೇ ದಿನ ಸೊಪ್ಪಿನ ರಸ ಕೊಟ್ಟು, ಪಥ್ಯ ಹೇಳಿ ಕಳಿಸಿದರೆ ಯಾರಿಗೆ ತಾನೇ ಬೇಡ? ಅಜ್ಜಿಯ ಭಯ ಸುಳ್ಳಲ್ಲ. ಅದು ಹಳೆಯ ಕಾಲದ ನಿಜ, ಅಷ್ಟೇ.

ಹಾಗಾದರೆ ಸೊಪ್ಪಿನ ರಸದಿಂದ ವಾಸಿಯಾದವರು ಇದ್ದಾರಲ್ಲ ಎಂದು ನೀವು ಕೇಳಬಹುದು. ಇದನ್ನು ನಾವು ತರಗತಿಯಲ್ಲಿ ಲೆಕ್ಕದಂತೆ ಬಿಡಿಸಿ ಹೇಳುತ್ತೇವೆ. ಕಚ್ಚುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ಹುಚ್ಚುನಾಯಿ ಕಚ್ಚಿದರೂ ಎಲ್ಲರಿಗೂ ರೋಗ ಬರುವುದಿಲ್ಲ. ರೋಗ ಬರುವುದಿದ್ದರೂ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಮದ್ದು ಕುಡಿದ ಹತ್ತು ಜನರಲ್ಲಿ ಬಹಳಷ್ಟು ಮಂದಿ ಹೇಗೂ ಬದುಕುತ್ತಾರೆ. ಹೆಸರು ಸೊಪ್ಪಿಗೆ ಬರುತ್ತದೆ. ಮೂರು ತಿಂಗಳ ಮೇಲೆ ಒಬ್ಬ ಸತ್ತರೆ, ಪಥ್ಯ ಕೆಟ್ಟಿತು ಎನ್ನುತ್ತಾರೆ. ಆದರೆ ನೀರು ಕಂಡರೆ ಹೆದರುವ ಸ್ಥಿತಿಗೆ ಬಂದ ಮೇಲೆ ಯಾವ ವೈದ್ಯವೂ ಉಳಿಸಲಾರದು. ಇಂಗ್ಲಿಷ್ ಔಷಧಿಯೂ ಅಷ್ಟೇ. ಈ ರೋಗಕ್ಕೆ ಇರುವುದು ಮುನ್ನೆಚ್ಚರಿಕೆ ಮಾತ್ರ.

ಇದರ ಅರ್ಥ ನಮ್ಮ ಗಿಡಮೂಲಿಕೆಗಳೆಲ್ಲ ದಂಡ ಎಂದಲ್ಲ. ಕೆಮ್ಮಿಗೆ ಕಷಾಯ ನಾವೂ ಕುಡಿಯುತ್ತೇವೆ. ಬೆಟ್ಟದ ಕುರುಂಬರ, ಇರುಳರ ಗಿಡಮೂಲಿಕೆಯ ತಿಳಿವಳಿಕೆ ದೊಡ್ಡದು. ಅದನ್ನು ಹೀಯಾಳಿಸಿ ಯಾರಿಗೂ ಲಸಿಕೆ ಹಾಕಿಸಲು ಆಗದು. ಇದನ್ನು ಗೂಡಲೂರಿನಲ್ಲಿ ನೋಡಬಹುದು. ಅಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆಯನ್ನು ನಡೆಸುವ ಅಶ್ವಿನಿ ಸಂಸ್ಥೆ ಪಣಿಯ, ಬೆಟ್ಟ ಕುರುಂಬ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನರ್ಸ್, ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿತು. ತಮ್ಮವರೇ ತಮ್ಮ ಭಾಷೆಯಲ್ಲಿ ಹೇಳುವ ಮಾತಿಗೆ ಇರುವ ಬೆಲೆ ಹೊರಗಿನವರ ಮಾತಿಗೆ ಇಲ್ಲ.

ಈ ಪಾಠ ಶಾಲೆಯಲ್ಲಿ ನಮಗೂ ಆಗಿದೆ. 2017ರ ಫೆಬ್ರವರಿಯಲ್ಲಿ ತಮಿಳುನಾಡು, ಕರ್ನಾಟಕ ಮೊದಲಾದ ಕಡೆ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆಯಿತು. ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿಗಳು ಹರಡಿದವು. ಲಸಿಕೆಯ ದಿನ ನಮ್ಮ ಕೆಲವು ಮಕ್ಕಳು ಶಾಲೆಗೇ ಬರಲಿಲ್ಲ. ದಡಾರ ಬಂದರೆ 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪು ಇಟ್ಟು ಕಾಯುವ ಮನೆಗಳವು. ಸುತ್ತೋಲೆ ಓದಿ ಹೇಳಿದಾಗ ಯಾರೂ ಒಪ್ಪಲಿಲ್ಲ. ನಮ್ಮ ಮಕ್ಕಳಿಗೂ ಹಾಕಿಸಿದ್ದೇವೆ ಎಂದು ಮನೆಮನೆಗೆ ಹೋಗಿ ಕೂತು ಮಾತಾಡಿದ ಮೇಲೆ ಹಲವರು ಒಪ್ಪಿದರು.

ಆ ಹುಡುಗನ ಅಜ್ಜಿಗೂ ನಾವು ಬೈಯಲಿಲ್ಲ. "ಅಜ್ಜಿ, ನೀವು ಹೇಳುವ ಸೂಜಿ ಈಗಿಲ್ಲ. ಕುರಿ ಮಿದುಳಿನ ಲಸಿಕೆ ನಿಂತು ಹೋಯಿತು, ಈಗ ಬೇರೆ ಲಸಿಕೆ ಬಂದಿದೆ. ಹೊಟ್ಟೆಗಲ್ಲ, ತೋಳಿಗೆ ಹಾಕುತ್ತಾರೆ" ಎಂದೆವು. ಜೊತೆಗೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಬರಲು ಹೇಳಿದರು. ಕಾಸು ಕೇಳಲಿಲ್ಲ. "ಇಷ್ಟೇನಾ?" ಎಂದರು ಅಜ್ಜಿ. ಹುಡುಗ ಈಗ ಐದನೇ ತರಗತಿಯಲ್ಲಿದ್ದಾನೆ.

ಪೋಷಕರೇ, ನಾಯಿ, ಬೆಕ್ಕು, ಕೋತಿ ಯಾವುದು ಕಚ್ಚಿದರೂ, ಪರಚಿದರೂ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೇ ಕೊಡುವ ಇನ್ನೊಂದು ಔಷಧಿ ಇದೆ, ಅದನ್ನೂ ಕೇಳಿ. ನಡುವೆ ಒಂದು ಸೂಜಿಯನ್ನೂ ತಪ್ಪಿಸಬೇಡಿ. ಶಿಕ್ಷಕ ಮಿತ್ರರೇ, ನಿಮ್ಮ ಮಕ್ಕಳಿಗೆ ಒಂದು ಮನೆಪಾಠ ಕೊಡಿ: ಹದಿನಾಲ್ಕು ಸೂಜಿ ಹಾಕಿಸಿಕೊಂಡ ಹಿರಿಯರು ಊರಿನಲ್ಲಿ ಇದ್ದರೆ ಅವರ ಕಥೆ ಕೇಳಿ ಬರೆದುಕೊಂಡು ಬರಲಿ. ಅಂಥ ಸೂಜಿಯನ್ನೂ ಸಹಿಸಿ ಬದುಕಿದವರ ಮಾತು ನಮ್ಮ ಪಾಠಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.