ಸೇಬೋ, ಮೂರು ನಕ್ಷತ್ರವೋ?

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಯಾವ ಮದುವೆಯ ಚಪ್ಪರದಲ್ಲಿ ಹೋಗಿ ಕುಳಿತರೂ ಇಂದು ಎರಡು ಮಾತುಗಳು ಕಿವಿಗೆ ಬೀಳದೆ ಇರವು. ಒಂದು, ಅಡಿಕೆಯ ಧಾರಣೆ, ಇನ್ನೊಂದು, ಫೋನು. ಮೊದಲನೆಯದರಲ್ಲಿ ಹಿರಿಯರದೇ ಅಧಿಕಾರ. ಎರಡನೆಯದರಲ್ಲಿ ಮೀಸೆ ಚಿಗುರುತ್ತಿರುವ ಹುಡುಗರು ನ್ಯಾಯಾಧೀಶರು. ಐಫೋನು ಮೇಲೋ, ಸ್ಯಾಮ್‌ಸಂಗಿನ ಗ್ಯಾಲಕ್ಸಿ ಮೇಲೋ ಎಂಬ ವ್ಯಾಜ್ಯ ಪಾಯಸ ಬರುವವರೆಗೂ ನಡೆದು, ಪಾಯಸದೊಡನೆ ತುಸು ನಿಂತು, ಕೈತೊಳೆಯುವಲ್ಲಿ ಮತ್ತೆ ಆರಂಭವಾಗುತ್ತದೆ. ತೆಂಕುತಿಟ್ಟು ಹೆಚ್ಚೋ ಬಡಗುತಿಟ್ಟು ಹೆಚ್ಚೋ ಎಂದು ರಾತ್ರಿಯೆಲ್ಲ ವಾದಿಸಬಲ್ಲ ಜನ ನಾವು. ಪಕ್ಷ ಹಿಡಿಯುವುದು ನಮಗೆ ಹೊಸತಲ್ಲ. ಆದರೆ ಈ ವ್ಯಾಜ್ಯಕ್ಕೂ ಒಂದು ಚರಿತ್ರೆಯಿದೆ. ಅದನ್ನು ನಮ್ಮ ಗುಡ್ಡೆಗಳ ನಡುವೆ ನಿಂತು ನೋಡಿದರೆ ಪೇಟೆಯವರಿಗೆ ಕಾಣುವುದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ.

ವಾದಿ ಪ್ರತಿವಾದಿಗಳ ಕುಲಗೋತ್ರವನ್ನು ಮೊದಲು ವಿಚಾರಿಸೋಣ. ಸ್ಯಾಮ್‌ಸಂಗ್ ಎಂದರೆ ಕೊರಿಯದ ಭಾಷೆಯಲ್ಲಿ ಮೂರು ನಕ್ಷತ್ರ. ಲೀ ಬ್ಯುಂಗ್ ಚುಲ್ ಎಂಬಾತ 1938ರಲ್ಲಿ ತೇಗು ಪಟ್ಟಣದಲ್ಲಿ ತೆರೆದ ಆ ಅಂಗಡಿಯಲ್ಲಿ ಫೋನು ಹೋಗಲಿ, ಗಡಿಯಾರವೂ ಮಾರಾಟಕ್ಕಿರಲಿಲ್ಲ. ಅಲ್ಲಿದ್ದುದು ಒಣಮೀನು, ತರಕಾರಿ, ಶಾವಿಗೆಯಂಥ ಸರಕು. ಒಣಮೀನಿನ ವ್ಯಾಪಾರಿಯ ಮನೆತನ ಹೀಗೆ ಏಳಿಗೆಯಾದುದನ್ನು ಕೇಳಿ ನಮ್ಮ ಕರಾವಳಿಯವರಿಗೆ ಸಂತೋಷವಾಗಬೇಕು. ಸೇಬಿನ ಕಂಪೆನಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅದನ್ನು ಸ್ಥಾಪಿಸಿದವರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಅದಕ್ಕೆ ಎರಡು ವರ್ಷ ಮುಂಚೆ ಗುರುವನ್ನು ಅರಸಿಕೊಂಡು ಭಾರತಕ್ಕೆ ಬಂದು ಅಲೆದು ಹೋಗಿದ್ದರು. ಅದೇ ಜಾಬ್ಸ್ 2007ರ ಜನವರಿ 9ರಂದು ಗುಂಡಿಗಳಿಲ್ಲದ, ಬೆರಳಿನಿಂದ ಸವರುವ ಫೋನೊಂದನ್ನು ಜಗತ್ತಿಗೆ ತೋರಿಸಿದರು. ಅದರ ಮುಂದಿನ ಮಾದರಿ 2008ರ ಆಗಸ್ಟಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಬೆಲೆ 31,000 ರೂಪಾಯಿ. ಅಷ್ಟು ಹಣಕ್ಕೆ ಆಗ ಹಾಲು ಕರೆಯುವ ಹಸುವನ್ನು ತರಬಹುದಿತ್ತು.

ಸ್ಯಾಮ್‌ಸಂಗ್ ಗೂಗಲ್ಲಿನ ಆಂಡ್ರಾಯ್ಡ್ ವ್ಯವಸ್ಥೆಯನ್ನು ಆಶ್ರಯಿಸಿ 2010ರಲ್ಲಿ ಗ್ಯಾಲಕ್ಸಿ ಎಸ್ ಎಂಬುದನ್ನು ಹೊರತಂದಿತು. ನಮ್ಮದನ್ನು ನೋಡಿ ಮಾಡಿದ್ದಾರೆ ಎಂದು ಸೇಬಿನವರು ಮರುವರ್ಷವೇ ನ್ಯಾಯಾಲಯಕ್ಕೆ ಹೋದರು. 2012ರ ಆಗಸ್ಟಿನಲ್ಲಿ ಅಮೆರಿಕದ ಜ್ಯೂರಿ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಬೇಕೆಂದಿತು. ಮೇಲಿನ ಕೋರ್ಟು, ಅದರ ಮೇಲಿನ ಕೋರ್ಟು ಎಂದು ಏಳು ವರ್ಷ ಸುತ್ತಿ 2018ರಲ್ಲಿ ಇಬ್ಬರೂ ರಾಜಿಯಾದರು. ಕುಮ್ಕಿ ಜಾಗದ ತಗಾದೆಗಳನ್ನು ಕಂಡ ನಮಗೆ ಏಳು ವರ್ಷ ದೊಡ್ಡದೇನಲ್ಲ. ಸ್ವಾರಸ್ಯವಿರುವುದು ಬೇರೆ ಕಡೆ. ಕೋರ್ಟಿನಲ್ಲಿ ಹೊಡೆದಾಡುತ್ತಿದ್ದ ಕಾಲದಲ್ಲೇ ಸೇಬಿನ ಫೋನಿನ ಒಳಗಿನ ಮುಖ್ಯ ಚಿಪ್ಪುಗಳನ್ನು ತಯಾರಿಸಿಕೊಡುತ್ತಿದ್ದವರು ಸ್ಯಾಮ್‌ಸಂಗಿನವರು. 2017ರ ಐಫೋನ್ ಟೆನ್ನಿನ ಹೊಳೆಯುವ ಪರದೆಯೂ ಅವರ ಕಾರ್ಖಾನೆಯದೇ. ಬೆಳಿಗ್ಗೆ ತಗಾದೆ, ಸಂಜೆ ಸರಬರಾಜು!

ಒಬ್ಬರನ್ನೊಬ್ಬರು ಅನುಕರಿಸಿದ ಕಥೆಯಂತೂ ಇನ್ನೂ ಗಮ್ಮತ್ತಿನದು. 2011ರಲ್ಲಿ ಸ್ಯಾಮ್‌ಸಂಗ್ ಅಂಗೈಗಿಂತ ಅಗಲದ ನೋಟ್ ಎಂಬುದನ್ನು ತಂದಾಗ, ಕಿವಿಗೆ ಹಲಗೆ ಹಿಡಿದಂತಿದೆ ಎಂದು ನಕ್ಕವರುಂಟು. ಮೂರೇ ವರ್ಷದಲ್ಲಿ ಸೇಬೂ ಹಲಗೆಯನ್ನೇ ತಂದಿತು. ಹಾಡು ಕೇಳುವ ತಂತಿ ಸಿಕ್ಕಿಸುವ ತೂತನ್ನು ಸೇಬು 2016ರಲ್ಲಿ ಮುಚ್ಚಿದಾಗ ಗೇಲಿ ಮಾಡಿದವರು ಮೂರು ವರ್ಷ ಕಳೆಯುವಷ್ಟರಲ್ಲಿ ತಮ್ಮ ನೋಟ್ 10ರಲ್ಲಿ ತಾವೂ ಮುಚ್ಚಿದರು. ಪೆಟ್ಟಿಗೆಯೊಳಗಿನ ಚಾರ್ಜರನ್ನು ಒಬ್ಬರು 2020ರ ಅಕ್ಟೋಬರಿನಲ್ಲಿ ಕೈಬಿಟ್ಟರೆ ಇನ್ನೊಬ್ಬರ ತಾಳ್ಮೆ ಸುಮಾರು ಮೂರು ತಿಂಗಳಿಗೇ ಮುಗಿಯಿತು. ಇಬ್ಬರೂ ಎಡವಿದ್ದುಂಟು. ಸೇಬಿನ ನಾಲ್ಕನೆಯ ಫೋನನ್ನು 2010ರಲ್ಲಿ ಒಂದು ರೀತಿ ಹಿಡಿದರೆ ಸಂಪರ್ಕ ಕ್ಷೀಣಿಸುತ್ತಿತ್ತು. ಕಂಪೆನಿ ಅದಕ್ಕೆ ಉಚಿತವಾಗಿ ಕವಚ ಹಂಚಿತು. 2016ರಲ್ಲಿ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗೆ ಬೆಂಕಿ ಹತ್ತತೊಡಗಿ, ಮಾರಿದವುಗಳನ್ನೆಲ್ಲ ಹಿಂದಕ್ಕೆ ಕರೆಸಿ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು. ಹೀಗೆ ಹತ್ತು ಹದಿನೈದು ವರ್ಷ ಜಗಳವಾಡುತ್ತ ಇಬ್ಬರೂ ಅವಳಿಗಳಂತಾಗಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅಭಿಮಾನಿಗಳು ಒಪ್ಪಲಾರರು, ಇರಲಿ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ವಾಚಕರಿಗೆ ತಿಳಿಯದ ಒಂದು ಶಬ್ದ ನಮ್ಮಲ್ಲಿದೆ: 'ರೇಂಜ್'. ನಿಮ್ಮವರು ಸಿಗ್ನಲ್ ಎನ್ನುವುದನ್ನು ನಾವು ರೇಂಜ್ ಎನ್ನುತ್ತೇವೆ. ಮಳೆ ಹೇಗಿದೆ ಎಂದು ಕೇಳಿದಷ್ಟೇ ಸಹಜವಾಗಿ ರೇಂಜ್ ಹೇಗಿದೆ ಎಂದು ನೆಂಟರನ್ನು ಕೇಳುವುದುಂಟು. ಕೆಲವು ಮನೆಗಳಲ್ಲಿ ರೇಂಜ್ ಹಟ್ಟಿಯ ಹಿಂದೆ ಇರುತ್ತದೆ, ಕೆಲವಲ್ಲಿ ಬಾವಿಕಟ್ಟೆಯ ಮೂಲೆಯಲ್ಲಿ. ಚಾವಡಿಯ ಕಿಟಕಿಯ ಸರಳಿಗೆ ಒಂದು ಚೀಲ ನೇತುಹಾಕಿ ಫೋನನ್ನು ಅದರೊಳಗೇ ಇಟ್ಟ ಮನೆಗಳನ್ನೂ ಕಂಡಿದ್ದೇನೆ. ಕೈಫೋನು ಅಲ್ಲಿ ಗೋಡೆಫೋನೇ ಆಗಿಬಿಟ್ಟಿದೆ.

ಕಾರಣ ಗೂಢವೇನಲ್ಲ. ಫೋನಿನ ಅಲೆ ಬೆಳಕಿನ ದಾಯಾದಿ. ಹೆಚ್ಚುಕಡಿಮೆ ನೇರವಾಗಿ ಚಲಿಸುವಂಥದು. ಎತ್ತರದಲ್ಲಿ ನೆಟ್ಟ ಟವರು ಎದುರಿನ ಗುಡ್ಡೆಯ ನೆತ್ತಿಯನ್ನು ಕಂಡೀತು, ಆಚೆಯ ಬೈಲನ್ನು ಕಾಣದು. ನಮ್ಮ ಮನೆಗಳೆಲ್ಲ ಇರುವುದು ನೀರಿದ್ದಲ್ಲಿ, ಅಂದರೆ ಬೈಲಿನಲ್ಲಿ. ಸುತ್ತ ಅಡಿಕೆ ತೋಟ, ಅದರ ಮೇಲೆ ಕಾಡು. ಒದ್ದೆ ಎಲೆ ಅಲೆಯನ್ನು ಹೀರುತ್ತದೆ, ನಮ್ಮಲ್ಲಿ ಎಲೆ ಒದ್ದೆಯಾಗಿರುವ ತಿಂಗಳುಗಳೇ ಹೆಚ್ಚು. 900 ಮೆಗಾಹರ್ಟ್ಸಿನ ಅಲೆ ಹೇಗೋ ತೂರಿಕೊಂಡು ಬಂದೀತು, 1800ರದು ಅಷ್ಟು ದೂರ ಬಾರದು. 2022ರಲ್ಲಿ ದೇಶಕ್ಕೆ ಬಂದ ಐದನೆಯ ಪೀಳಿಗೆಯ ವೇಗವಾದ ಅಲೆಗಳು 3300ರ ಮೇಲಿನವು. ಪೇಟೆಯ ಬೀದಿಗೆ ತಕ್ಕವು, ಗುಡ್ಡೆಯೆದುರು ಕೈಚೆಲ್ಲುವಂಥವು. ಲಕ್ಷ ಕೊಟ್ಟು ತಂದ ಫೋನಿನ ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಇಂಥ ಬೈಲಿಗಿಳಿಯುವಾಗ ರಸ್ತೆಯ ತಿರುವಿನಲ್ಲೇ ಉಳಿದುಬಿಡುತ್ತದೆ.

ಹಿಂದೆಯೂ ಹಾಗೆಯೇ. ಟ್ರಂಕ್ ಕಾಲಿನ ದಿನಗಳಲ್ಲಿ ಫೋನಿನ ಅಂದಚಂದವನ್ನು ಯಾರೂ ಕೇಳುತ್ತಿರಲಿಲ್ಲ. ಕಪ್ಪು ಫೋನು ಎಲ್ಲರಿಗೂ ಒಂದೇ, ತಂತಿ ಬಂದಿದೆಯೋ ಎಂಬುದೇ ಪ್ರಶ್ನೆ. ಧೂಳು ಸೆಕೆಗಳಿಗೆ ಜಗ್ಗದ, ಹವಾನಿಯಂತ್ರಣ ಬೇಡದ ಹಳ್ಳಿಯ ವಿನಿಮಯ ಕೇಂದ್ರವನ್ನು ಸಿ-ಡಾಟ್ ಸಂಸ್ಥೆ ರೂಪಿಸಿ, 1986ರಲ್ಲಿ ಮೊದಲು ಪ್ರಯೋಗಿಸಿದ್ದು ನಮ್ಮ ನಾಡಿನ ಕಿತ್ತೂರಿನಲ್ಲೇ. ಅಂಥ ಪುಟ್ಟ ಯಂತ್ರಗಳಿಂದ ದೇಶದ ಹಳ್ಳಿಹಳ್ಳಿಗಳು ಮಾತು ಕಲಿತವು. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸುಖ್‌ರಾಮರೊಡನೆ ಮಾತಾಡಿ ದೇಶದಲ್ಲಿ ಮೊಬೈಲನ್ನು ಉದ್ಘಾಟಿಸಿದರೆ, ಬಿ.ಎಸ್.ಎನ್.ಎಲ್. ತನ್ನ ಮೊಬೈಲನ್ನು ಆರಂಭಿಸಿದ್ದು 2002ರಲ್ಲಿ. ಮರುವರ್ಷ ರಿಲಯನ್ಸಿನವರು ಮೊದಲಿಗೆ 501 ರೂಪಾಯಿ ಕಟ್ಟಿದರೆ ಸಾಕು ಎಂದು ಬೇರೆ ತಂತ್ರದ ಫೋನನ್ನು ಹಂಚಿದರು. ಚೀಟಿ ಬದಲಿಸುವ ಫೋನೋ, ನಂಬರು ಫೋನಿನೊಳಗೇ ಬೆಸೆದುಕೊಂಡಿರುವ ಫೋನೋ ಎಂದು ಆಗಲೂ ಎರಡು ಪಕ್ಷ. ಆಗಲೂ ತೀರ್ಮಾನ ಮಾಡಿದ್ದು ಟವರೇ. ಅದು ಯಾರದು ಹತ್ತಿರವೋ ಅವರ ಫೋನೇ ಉತ್ತಮ.

ಆ ಕಾಲದ ನಿಜವಾದ ಅರಸ ನೋಕಿಯ 1100. 2003ರಲ್ಲಿ ಬಂದು ಜಗತ್ತಿನಾದ್ಯಂತ 25 ಕೋಟಿಯಷ್ಟು ಖರ್ಚಾಯಿತು. ಅದರ ನೆತ್ತಿಯಲ್ಲೊಂದು ಟಾರ್ಚು, ಧೂಳು ನುಗ್ಗದ ರಬ್ಬರಿನ ಗುಂಡಿಮಣೆ, ಜಾರದ ಮೈ. ಕರೆಂಟು ಹೋದ ರಾತ್ರಿ ಹಟ್ಟಿಗೆ ಹೋಗಬೇಕಾದವನ ಕಷ್ಟ ಗೊತ್ತಿದ್ದ ಯಾರೋ ಪುಣ್ಯಾತ್ಮ ಅದನ್ನು ಮಾಡಿರಬೇಕು. ಇಂದಿನ ಎರಡು ರಾಜಫೋನುಗಳಲ್ಲೂ ಟಾರ್ಚು ಉಂಟು. ಬೆಲೆ ಮಾತ್ರ ತೋಟದ್ದು.

ಬೆಲೆಯ ಮಾತು ಬಂತು. ಸುಳ್ಯದಾಚೆಯ ಬೈಲೊಂದರಲ್ಲಿ ನನ್ನ ಅಕ್ಕನ ಮನೆ. ಹಳದಿ ರೋಗ ಹೊಕ್ಕ ತೋಟ; ಹಿಂದೆ ಅಂಗಳ ತುಂಬುತ್ತಿದ್ದ ಅಡಿಕೆ ಈಗ ಮೂಲೆಯಲ್ಲಿ ಒಣಗುತ್ತದೆ. ಅಳಿಯ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಮಳೆಗಾಲದ ಎರಡು ತಿಂಗಳಾದರೂ ತಾಯಿಯ ಹತ್ತಿರವಿದ್ದು ಮನೆಯಿಂದಲೇ ಕೆಲಸ ಮಾಡಬೇಕೆಂದು ಅವನ ಆಸೆ. "ಮಾವ, ಒಳ್ಳೆಯ ಫೋನೇ ತೆಗೆಯುತ್ತೇನೆ, ಅದಾದರೆ ರೇಂಜ್ ಸಿಕ್ಕೀತು. ಸೇಬೋ ಗ್ಯಾಲಕ್ಸಿಯೋ, ನೀವೇ ಹೇಳಿ" ಎಂದ. 2023ರ ಐಫೋನ್ 15 ಪ್ರೊ ನಮ್ಮ ದೇಶದಲ್ಲಿ 1,34,900 ರೂಪಾಯಿಯಿಂದ ಆರಂಭವಾಯಿತು. 2024ರ ಜನವರಿಯ ಗ್ಯಾಲಕ್ಸಿ ಎಸ್ 24 ಅಲ್ಟ್ರಾ 1,29,999ರಿಂದ. ಅಡಿಕೆಗೆ ಕಿಲೋಗೆ ನಾನೂರು ಹಿಡಿದರೂ ಮೂರು ಕ್ವಿಂಟಲಿಗೆ ಮೀರಿದ ಲೆಕ್ಕ.

ನಾನು ಅವನಿಗೆ ನೆನಪಿಸಿದ್ದು 2021ರ ಜೂನ್ ತಿಂಗಳನ್ನು. ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಿದ್ದ ಕಾಲ. ಸುಳ್ಯ ತಾಲೂಕಿನ ಗುತ್ತಿಗಾರು ಸಮೀಪದ ಬಳ್ಳಕ್ಕದಲ್ಲಿ ಎಸ್.ಎಸ್.ಎಲ್.ಸಿ. ಓದುವ ಹುಡುಗಿಯೊಬ್ಬಳು ರೇಂಜ್ ಸಿಗುವ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು, ಮಳೆ ಹೊಯ್ಯುತ್ತಿತ್ತು, ತಂದೆ ಹಿಂದೆ ನಿಂತು ಕೊಡೆ ಹಿಡಿದಿದ್ದ. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ವರ್ಷಗಳಲ್ಲಿ ನಮ್ಮ ಗುಡ್ಡೆಗಳ ಮೇಲೆ ಟಾರ್ಪಾಲು ಕಟ್ಟಿಕೊಂಡು ಓದಿದ ಮಕ್ಕಳು ಬೇರೆಯೂ ಇದ್ದರು. ಆ ಹುಡುಗಿಯ ಕೈಯಲ್ಲಿ ಜಗತ್ತಿನ ಅತ್ಯುತ್ತಮ ಫೋನಿದ್ದರೂ ಅವಳು ಅದೇ ರಸ್ತೆಯ ಬದಿಗೇ ಬರಬೇಕಿತ್ತು. ಫೋನಿನ ಚರಿತ್ರೆ ಬರೆಯುವವರು ಆ ಕೊಡೆಯನ್ನು ಬಿಟ್ಟು ಬರೆದರೆ ನಮ್ಮ ಪಾಲಿಗೆ ಅದು ಅರ್ಧ ಚರಿತ್ರೆ.

ಹಾಗೆಂದು ಎರಡು ಫೋನುಗಳ ನಡುವೆ ವ್ಯತ್ಯಾಸವೇ ಇರಲಿಲ್ಲವೆಂದಲ್ಲ. ಮಳೆಯ ವಿಷಯದಲ್ಲಿ ಗ್ಯಾಲಕ್ಸಿ ಮುಂದು; 2014ರ ಎಸ್ 5 ನೀರಿನಲ್ಲಿ ಮುಳುಗಿ ಏಳಬಲ್ಲುದಾಗಿತ್ತು, ಸೇಬಿಗೆ ಆ ವಿದ್ಯೆ ಬಂದದ್ದು 2016ರಲ್ಲಿ. ಕನ್ನಡದಲ್ಲೂ ಆಂಡ್ರಾಯ್ಡೇ ಮೊದಲು ಕಣ್ಣು ತೆರೆದದ್ದು. ಸೇಬು ತನ್ನ ಫೋನಿನಲ್ಲಿ ಕನ್ನಡದ ಕೀಲಿಮಣೆಯನ್ನು ತಾನಾಗಿ ಕೊಟ್ಟದ್ದು 2017ರಲ್ಲಿ, ಮೊದಲ ಐಫೋನು ಬಂದು ಹತ್ತು ವರ್ಷದ ಮೇಲೆ. ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ಮಾಡಿಕೊಟ್ಟ ಕೆ.ಪಿ. ರಾಯರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರು ಎಂಬುದನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾರೆ. ಆದರೆ ಇವೆಲ್ಲ ಈಗ ಸರಿಹೋದ ಭೇದಗಳು. ಉಳಿದಿರುವುದು ಬಿದ್ದು ಒಡೆದಾಗ ದುರಸ್ತಿ ಎಲ್ಲಿ ಎಂಬ ಪ್ರಶ್ನೆ. ಅದಕ್ಕೆ ಇಂಥ ಫೋನು ಯಾವುದಾದರೂ ಒಂದು ದಿನ ರಜೆ ಹಾಕಿ ಮಂಗಳೂರಿನ ಬಸ್ಸು ಹತ್ತಲು ಸಿದ್ಧನಿರಬೇಕು.

ಅಳಿಯನಿಗೆ ಕಡೆಗೆ ನಾನು ಹೇಳಿದ್ದಿಷ್ಟು. ಕೊಳ್ಳುವ ಮೊದಲು ಮೂರು ಕಂಪೆನಿಗಳ ಚೀಟಿಗಳನ್ನು ಸಾಲ ತಂದು ಹಳೆಯ ಫೋನಿಗೇ ಹಾಕು. ಚಾವಡಿ, ಅಡಿಗೆಮನೆ, ಅಂಗಳ ಎಲ್ಲ ಕಡೆ ನಡೆದು ನೋಡು. ಕರೆಂಟು ಹೋಗಿ ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡು, ಏಕೆಂದರೆ ಟವರಿಗೂ ಹೊಟ್ಟೆಯುಂಟು. ಎಲ್ಲೂ ಆಗದಿದ್ದರೆ ಗಾಜಿನ ಎಳೆಯ ಇಂಟರ್ನೆಟ್ಟು ಬೈಲಿನವರೆಗೆ ಬಂದಿದೆಯೋ ವಿಚಾರಿಸು. ಮನೆಯ ವೈಫೈ ಮೂಲಕವೇ ಕರೆ ಮಾಡುವ ಸೌಕರ್ಯವನ್ನು 2019ರ ಕೊನೆಗೂ 2020ರ ಆರಂಭಕ್ಕೂ ನಮ್ಮ ದೇಶದ ಎರಡು ಕಂಪೆನಿಗಳು ತಂದಿವೆ. ಅದಕ್ಕೆ ಲಕ್ಷದ ಫೋನು ಬೇಕಿಲ್ಲ, ಹದಿನೈದು ಸಾವಿರದ್ದೂ ಆದೀತು. ಅಷ್ಟಾದ ಮೇಲೂ ಸೇಬೇ ಬೇಕೆಂದರೆ ತೆಗೆದುಕೋ. ಆಸೆಗೆ ತಕರಾರಿಲ್ಲ, ಅದನ್ನು ಅಗತ್ಯವೆಂದು ಅಮ್ಮನ ಮುಂದೆ ಹೇಳಬೇಡ.

ಅವನಿಗೆ ಸ್ವಲ್ಪ ನಿರಾಶೆಯಾಯಿತೆಂದು ಕಾಣುತ್ತದೆ. ಆದರೂ ಮುಂದಿನ ಭಾನುವಾರ ಮೂರು ಚೀಟಿಗಳೊಡನೆ ತೋಟವೆಲ್ಲ ಸುತ್ತಿದನಂತೆ. ಈಗ ರಸ್ತೆಯಿಂದ ಮನೆಗೆ ಗಾಜಿನ ಎಳೆಯನ್ನು ತರುವ ಮಾತುಕತೆ ನಡೆದಿದೆ. ಎಂಟು ಕಂಬ ನೆಡಬೇಕು, ನಡುವೆ ನೆರೆಮನೆಯವರ ತೋಟ, ಅವರ ಒಪ್ಪಿಗೆ ಬೇಕು. ಮರ ಬಿದ್ದು ತಂತಿ ಕಡಿದರೆ ಆಟಿಯ ಮಳೆಯಲ್ಲಿ ಅದನ್ನು ಕಟ್ಟಲು ಬರುವವರು ಯಾರು ಎಂದು ಅಕ್ಕ ಕೇಳಿದ್ದಾಳೆ. ಅದಕ್ಕೆ ಉತ್ತರ ಸಿಗುವವರೆಗೆ ಫೋನಿನ ಮಾತು ಬೇಡ ಎಂದು ತಾಯಿಮಗನ ನಡುವೆ ಒಪ್ಪಂದವಾಗಿದೆ.