ಮುಗಿಯದ ಸೆಪ್ಟೆಂಬರ್

ಪುಣೆಗೆ ಬಂದ ಹೊಸತರಲ್ಲಿ ಒಂದು ಲಿನಕ್ಸ್ ಮೇಲಿಂಗ್ ಲಿಸ್ಟಿಗೆ ನನ್ನ ಮೊದಲ ಪ್ರಶ್ನೆ ಬರೆದೆ. 'ರೆಸ್ಪೆಕ್ಟೆಡ್ ಸರ್' ಎಂದು ಶುರು, 'ವೆರಿ ಅರ್ಜೆಂಟ್' ಎಂದು ಮುಕ್ತಾಯ. ನಾಲ್ಕೇ ಅಕ್ಷರದ ಉತ್ತರ ಬಂತು: ಆರ್‌ಟಿಎಫ್‌ಎಂ. 'ಕೈಪಿಡಿ ಓದು' ಎಂಬುದಕ್ಕೆ ನಡುವೆ ಒಂದು ಬೈಗುಳ ಸೇರಿಸಿದ ಸಂಕ್ಷೇಪ ಅದು. ಅರ್ಥ ತಿಳಿದ ಮೇಲೆ ಎರಡು ವರ್ಷ ಅಲ್ಲಿ ಬಾಯಿ ಬಿಡಲಿಲ್ಲ. ಈ ಬಿರುಸು ಎಲ್ಲಿಂದ ಬಂತೆಂದು ಹುಡುಕುತ್ತ ಹೋದವನು ಯೂಸ್‌ನೆಟ್‌ಗೆ ತಲುಪಿದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಕಲ್ಪಿಸಿಕೊಂಡ ಚರ್ಚಾಜಾಲ ಅದು. ಒಬ್ಬರು ಬರೆದದ್ದು ಟೆಲಿಫೋನ್ ತಂತಿಯ ಮೇಲೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲಾಗುತ್ತ ಸಾಗುತ್ತಿತ್ತು. ಫೋನ್ ಬಿಲ್ಲು ಕಟ್ಟುವವರು ಆಯಾ ಸಂಸ್ಥೆಯವರು. ಹಾಗಾಗಿ ಉದ್ದದ ಪತ್ರವೊಂದನ್ನು ಇಡಿಯಾಗಿ ಉಲ್ಲೇಖಿಸಿ ಕೆಳಗೆ 'ನನ್ನದೂ ಇದೇ ಅಭಿಪ್ರಾಯ' ಎಂದು ಸೇರಿಸಿದರೆ ಅದು ಬರೀ ಒರಟುತನವಲ್ಲ, ಬೇರೆಯವರ ದುಡ್ಡು. ಮುಂದೆ ಪರ್ಲ್ ಭಾಷೆ ರೂಪಿಸಿದ ಲ್ಯಾರಿ ವಾಲ್ ಅವರ ಆರ್‌ಎನ್ ತಂತ್ರಾಂಶ ಬಳಸುವವರಿಗೆ ಕಳಿಸುವ ಮುನ್ನ ಎಚ್ಚರಿಕೆ ಕಾಣುತ್ತಿತ್ತು: ಇದು ಸಾವಿರಾರು ಯಂತ್ರಗಳಿಗೆ ಹೋಗುತ್ತದೆ, ನೂರಾರು ಡಾಲರ್ ಖರ್ಚಾಗುತ್ತದೆ, ಖಂಡಿತ ಕಳಿಸಬೇಕೇ? ತಿದ್ದುವ ಕೆಲಸವನ್ನು ಯಂತ್ರವೇ, ಯಾರ ಎದುರಿಗೂ ಅಲ್ಲದೆ, ಮಾಡಿಬಿಡುತ್ತಿತ್ತು.

ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕಾಲೇಜುಗಳು ಶುರುವಾದಾಗ ಹೊಸ ಹುಡುಗರ ದಂಡು ಬರುತ್ತಿತ್ತು. ಎಲ್ಲ ಅಕ್ಷರವನ್ನೂ ಕ್ಯಾಪಿಟಲ್‌ನಲ್ಲಿ ಬರೆಯುವವರು, ನೂರು ಸಲ ಉತ್ತರ ಕೊಟ್ಟ ಪ್ರಶ್ನೆಯನ್ನೇ ಕೇಳುವವರು. ಹಳಬರು ಗೊಣಗುತ್ತ ಹೇಳಿಕೊಡುತ್ತಿದ್ದರು. ಹೊಸಬರಿಗೆಂದೇ ಒಂದು ಗುಂಪು ಇತ್ತು. ಅಲ್ಲಿ ರೀತಿನೀತಿಯ ಬರಹಗಳನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ನನಗೆ ಇಷ್ಟವಾದದ್ದು ಬ್ರಾಡ್ ಟೆಂಪಲ್ಟನ್ ಬರೆದ 'ಎಮಿಲಿ ಪೋಸ್ಟ್‌ನ್ಯೂಸ್'. ಶಿಷ್ಟಾಚಾರದ ಲೇಖಕಿ ಎಮಿಲಿ ಪೋಸ್ಟ್ ಹೆಸರನ್ನು ತಿರುಚಿ ಸೃಷ್ಟಿಸಿದ ಈ ಸಲಹೆಗಾರ್ತಿ ಮಾಡಬಾರದ್ದನ್ನೆಲ್ಲ ಮಾಡಿ ಎಂದೇ ಗಂಭೀರವಾಗಿ ಸಲಹೆ ಕೊಡುತ್ತಾಳೆ. ಓದಿದವನು ತನ್ನ ತಪ್ಪಿಗೆ ತಾನೇ ನಗುತ್ತಾನೆ. ಹೆಸರು ಹಿಡಿದು ಅವಮಾನ ಮಾಡಿದವರು ಯಾರೂ ಇಲ್ಲ. ಅಕ್ಟೋಬರ್ ಹೊತ್ತಿಗೆ ಎಲ್ಲ ತಣ್ಣಗಾಗುತ್ತಿತ್ತು.

1993-94ರಲ್ಲಿ ಲೆಕ್ಕ ತಪ್ಪಿತು. ಅಮೆರಿಕ ಆನ್‌ಲೈನ್‌ನಂಥ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಯೂಸ್‌ನೆಟ್ ಬಾಗಿಲು ತೆರೆದವು. ಹೊಸಬರು ವರ್ಷಕ್ಕೊಮ್ಮೆ ಬರುವುದು ಹೋಗಿ ದಿನವೂ ಬರತೊಡಗಿದರು. 1993ರ ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂಬ ಮಾತು ಹುಟ್ಟಿದ್ದು ಆಗ. ದಣಿದ ಹಳಬರ ಬಾಯಲ್ಲಿ ಪಾಠ ಗದರಿಕೆಯಾಯಿತು. ಅವರನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ: ಒಂದೇ ಪ್ರಶ್ನೆಗೆ ಸಂಬಳವಿಲ್ಲದೆ ಎಷ್ಟು ಸಲ ಉತ್ತರಿಸುವುದು?

ನಮ್ಮಲ್ಲಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಎರಡು ತಿಂಗಳ ನಂತರ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಆರ್‌ಎಫ್‌ಸಿ 1855 ಬಂತು; ನೆಟಿಕೆಟ್ ಬರಹರೂಪಕ್ಕೆ ಇಳಿಯಿತು. ಗುಂಪಿನಲ್ಲಿ ಬರೆಯುವ ಮೊದಲು ಒಂದೆರಡು ತಿಂಗಳು ಸುಮ್ಮನೆ ಓದಿ ಎನ್ನುತ್ತದೆ ಅದು. ಅಂದರೆ ಭಾರತದಿಂದ ಒಳಗೆ ಬಂದ ನಮ್ಮಂಥವರಿಗೆ ಹುಟ್ಟಿನಿಂದಲೇ ಮುಗಿಯದ ಸೆಪ್ಟೆಂಬರ್.

2001ರಲ್ಲಿ ಎರಿಕ್ ರೇಮಂಡ್ ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆಂದು ಬರೆದದ್ದನ್ನು ಹೊಸಬರ ಮುಖಕ್ಕೆ ಎಸೆಯುವುದೇ ವಾಡಿಕೆಯಾಯಿತು. ಆದರೆ ಅದೇ ಬರಹದ ಕೊನೆಯ ಕಡೆ ಉತ್ತರ ಕೊಡುವವರಿಗೂ ಒಂದು ಭಾಗವಿದೆ: ಮೊದಲ ಸಲ ತಪ್ಪಿದವರಿಗೆ ಖಾಸಗಿಯಾಗಿ ಹೇಳಿ, ಎಲ್ಲರೆದುರು ಬೇಡ. ಅದನ್ನು ಓದಿದವರು ಕಡಿಮೆ ಅನ್ನಿಸುತ್ತದೆ. ಎರಡು ವರ್ಷದ ನಂತರ ನಾನು ಧೈರ್ಯಮಾಡಿ ಮತ್ತೆ ಕೇಳಿದಾಗಲೂ ತಪ್ಪಾಗೇ ಕೇಳಿದ್ದೆ. ಲಿಸ್ಟಿನ ಹಿರಿಯರೊಬ್ಬರು ನನಗೊಬ್ಬನಿಗೇ ಬರೆದರು: ವಿಷಯದ ಸಾಲಿನಲ್ಲಿ 'ಹೆಲ್ಪ್' ಬೇಡ, ಎರರ್ ಸಂದೇಶ ಹಾಕು, ಯಾವ ಡಿಸ್ಟ್ರೋ ಎಂದು ಹೇಳು. ಜೊತೆಗೆ ಉತ್ತರವನ್ನೂ ಕೊಟ್ಟಿದ್ದರು.

2018ರ ಸೆಪ್ಟೆಂಬರ್‌ನಲ್ಲಿ (ಮತ್ತೆ ಸೆಪ್ಟೆಂಬರ್ರೇ!) ಲಿನಸ್ ಟೋರ್ವಾಲ್ಡ್ಸ್ ತಮ್ಮ ಒರಟು ಪತ್ರಗಳಿಗೆ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ಪಕ್ಕಕ್ಕೆ ಸರಿದರು. ತಮ್ಮಲ್ಲಿ ಹೊಸಬರಿಗೆ ಸ್ವಾಗತ ಸಾಲದೆಂದು ಸ್ಟ್ಯಾಕ್ ಓವರ್‌ಫ್ಲೋ ಒಪ್ಪಿಕೊಂಡದ್ದೂ ಅದೇ ವರ್ಷ. ಅಂದಿನಿಂದ ಅಲ್ಲಿ ಮೊದಲ ಸಲ ಬರೆದವರ ಹೆಸರಿನ ಹತ್ತಿರ 'ಹೊಸ ಕೊಡುಗೆದಾರ' ಎಂಬ ಗುರುತು ಕಾಣುತ್ತದೆ. ಜೊತೆಗೊಂದು ಸೂಚನೆ, ತಿದ್ದಲು ಬಂದ ಹಳಬರಿಗೆ.