ಕಲ್ಲು ತೋರಿಸಿದ ಊರು, ಕೇಳಿಸಿಕೊಂಡ ಗುರು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಒಟ್ಟಾಗಿ ಅಚ್ಚಾದದ್ದು 1894ರಲ್ಲಿ, ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯ ಮೂರನೆಯ ಸಂಪುಟದಲ್ಲಿ. ಕಪಿಲೆಯ ದಡದ ಹಳ್ಳಿಗಳಿಂದ ಕಾವೇರಿಯ ಮರಳಿನಲ್ಲಿ ಹುದುಗಿದ ತಲಕಾಡಿನವರೆಗೆ ಹರಡಿದ್ದ ಬರಹಗಳು ಅಲ್ಲಿವೆ. ಈ ಕಾರ್ಯದ ಹಿಂದಿದ್ದ ಬೆಂಜಮಿನ್ ಲೂಯಿಸ್ ರೈಸ್ ಅವರನ್ನು ನಾವು ಶಾಸನತಜ್ಞರೆಂದು ಸ್ಮರಿಸುತ್ತೇವೆ. ಆದರೆ ಅವರು ಮೊದಲು ಶಿಕ್ಷಕರು. ಶಿಕ್ಷಕರಾಗಿದ್ದುದರಿಂದಲೇ ಕಲ್ಲುಗಳು ಅವರಿಗೆ ದೊರೆತವು ಎಂಬುದು ನನ್ನ ಅಭಿಪ್ರಾಯ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪ್ರೊಟೆಸ್ಟೆಂಟ್ ಧರ್ಮಪ್ರಚಾರಕರು. ಇಂಗ್ಲೆಂಡಿನಲ್ಲಿ ಓದಿ ಮರಳಿದ ಮಗ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ಇನ್ಸ್‌ಪೆಕ್ಟರಾದರು. ಕುದುರೆಯ ಮೇಲೆ ಊರೂರು ಸುತ್ತುವ ಕೆಲಸವದು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಸುಣ್ಣ ಬಳಿದು, ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುವ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಅಂಥ ಅಧಿಕಾರಿಯ ಬಳಿಗೆ ಹಳ್ಳಿಗರು ತಾವಾಗಿ ಬಂದು, ಓದಲಾಗದ ತಮ್ಮ ಊರಿನ ಹಳೆಯ ಕಲ್ಲುಬರಹಗಳನ್ನು ತೋರಿಸಿ, ಇವರಾದರೂ ಓದಿಯಾರೆಂದು ಆಶಿಸಿದರು. ಮುಂದಿನ ಮಹಾಕಾರ್ಯಕ್ಕೆ ಅದೇ ಪ್ರೇರಣೆಯಾಯಿತು.

ಅದು ಕಮಿಷನರರ ಆಡಳಿತದ ಕಾಲ. ಬಿಳಿಯ ಅಧಿಕಾರಿಗೆ ಎಲ್ಲರೂ ಕೈಮುಗಿಯುತ್ತಿದ್ದರು, ನಿಜ. ಆದರೆ ಕೈಮುಗಿಯುವುದು ಬೇರೆ, ಮನೆಯ ಪೆಟ್ಟಿಗೆ ತೆರೆಯುವುದು ಬೇರೆ. ತಾಮ್ರಪಟವೆಂದರೆ ಜಮೀನಿನ ಹಕ್ಕುಪತ್ರ. ಅದನ್ನು ಅಪರಿಚಿತನ ಕೈಗೆ ಯಾರು ತಾನೇ ಕೊಟ್ಟಾರು? ವಿಶ್ವಾಸವನ್ನು ಆಜ್ಞೆ ಹೊರಡಿಸಿ ಪಡೆಯಲಾಗದು.

ಶಿಕ್ಷಕನಿಗೂ ಊರಿಗೂ ಇರಬೇಕಾದ ಈ ವಿಶ್ವಾಸವನ್ನು ರೈಸ್ ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು 1868ರಲ್ಲಿ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ತಿಳಿಯುತ್ತದೆ. ಅದುವರೆಗೆ ಹಳ್ಳಿಗಳಲ್ಲಿದ್ದವು ಕೂಲಿಮಠಗಳು. ಜಗಲಿಯ ಮೇಲೋ ಗುಡಿಯ ಅಂಗಳದಲ್ಲೋ ಕುಳಿತ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು. ಊರವರು ಕೊಡುವ ದವಸಧಾನ್ಯವೇ ಅವರ ಸಂಬಳ. ಮಹಾನವಮಿ ಬಂತೆಂದರೆ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸಿ ಕಾಣಿಕೆ ಪಡೆಯುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಗುರುವು ಪ್ರತಿ ಶಿಷ್ಯನ ಮನೆಯ ಹೊಸ್ತಿಲನ್ನು ಕಾಣುತ್ತಿದ್ದ ಪದ್ಧತಿಯಿದು. ಆ ಮಠಗಳ ದೋಷಗಳನ್ನು ಮರೆಮಾಚಬೇಕಾಗಿಲ್ಲ. ಕೋದಂಡವೆಂದು ಮಕ್ಕಳನ್ನು ಹಗ್ಗಕ್ಕೆ ಜೋತುಬೀಳಿಸಿ ದಂಡಿಸುತ್ತಿದ್ದುದುಂಟು. ‘ಕೀಳು’ ಎನಿಸಿಕೊಂಡ ಕುಲಗಳ ಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವೇ ಇರಲಿಲ್ಲ. ಅಂಥ ಆತ್ಮೀಯತೆಯನ್ನು ಆರೋಗ್ಯಕರವೆನ್ನಲು ನನ್ನ ಮನಸ್ಸು ಒಪ್ಪದು.

ರೈಸ್ ಐಗಳನ್ನು ಓಡಿಸಿ ಪಟ್ಟಣದ ಪದವೀಧರರನ್ನು ತಂದು ಕೂರಿಸಲಿಲ್ಲ. ಇದ್ದ ಉಪಾಧ್ಯಾಯರಲ್ಲೇ ಯೋಗ್ಯರನ್ನು, ಊರವರ ಇಚ್ಛೆಯನ್ನು ವಿಚಾರಿಸಿ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಡಿಸಿ, ಸರ್ಕಾರಿ ಸಂಬಳ ನಿಗದಿಮಾಡುವುದು ಅವರ ಕ್ರಮ. ಶಾಲೆಗೆ ಕಟ್ಟಡವನ್ನು ಊರವರೇ ಒದಗಿಸಬೇಕೆಂಬುದು ಷರತ್ತು. ಸಂಬಳ ಸರ್ಕಾರದ್ದು, ಸೂರು ಊರಿನದು. ನಡುವೆ ನಿಂತ ಮೇಷ್ಟ್ರು ಇಬ್ಬರಿಗೂ ಉತ್ತರ ಹೇಳಬೇಕಾದವರು.

ಇಂದು ಈ ಎರಡು ತಾಲ್ಲೂಕುಗಳ ಎಷ್ಟೋ ಶಿಕ್ಷಕರು ಬೆಳಿಗ್ಗೆ ಮೈಸೂರಿನಿಂದ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವವರು. ಅವರನ್ನು ದೂರಲಾರೆ, ಅವರಿಗೂ ಮನೆ, ಮಕ್ಕಳು, ವೃದ್ಧ ತಂದೆತಾಯಿಗಳಿದ್ದಾರೆ. ಆದರೆ ಊರಿನ ಕಷ್ಟಸುಖಗಳು ಮಾತಾಗುವುದು ಸಂಜೆ, ಬಸ್ಸು ಹೊರಟ ಮೇಲೆ. 2001ರಲ್ಲಿ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ಪೋಷಕರನ್ನು ಮತ್ತೆ ಶಾಲೆಯೊಳಕ್ಕೆ ಕರೆಯಿತು. ಸಮಿತಿಯ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದು ಸುಲಭ. ಸಹಿ ಹಾಕಿದ ತಂದೆಯೊಡನೆ ಐದು ನಿಮಿಷ ಕುಳಿತು ಮಾತನಾಡುವುದಕ್ಕೆ ಬಿಡುವು ಬೇಕು. ಎಮ್ಮಾವು ಊರಿನ ದಾರಿಯಲ್ಲಿ ಪುನರುತ್ಥಾನಿ ಪ್ರಭುವು ಶಿಷ್ಯರಿಬ್ಬರಿಗೆ ಪವಿತ್ರಗ್ರಂಥವನ್ನು ವಿವರಿಸುವುದಕ್ಕೆ ಮುನ್ನ, ಅವರ ದುಃಖವನ್ನು ಕೇಳುತ್ತಾ ಜೊತೆಯಲ್ಲಿ ನಡೆದರೆಂಬುದನ್ನು ಶಿಕ್ಷಕರಾದ ನಮ್ಮ ವಿಶ್ವಾಸಿಗಳು ಗಮನಿಸಬೇಕು.

ಊರಿನೊಡನೆ ನಂಟು ಬೆಳೆಸಿಕೊಂಡವರಿಗೂ ಸಹೋದ್ಯೋಗಿಗಳೊಡನೆ ಹೊಂದಿಕೊಳ್ಳುವುದು ಕೆಲವೊಮ್ಮೆ ಕಷ್ಟ. ಸ್ಟಾಫ್ ರೂಮಿನ ಮತ್ಸರವನ್ನು ಅನುಭವಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹನ್ನೆರಡು ಸಂಪುಟಗಳ, ಸುಮಾರು 9 ಸಾವಿರ ಶಾಸನಗಳ ಕೆಲಸವನ್ನು ಒಬ್ಬರೇ ಮಾಡಲು ಸಾಧ್ಯವಿರಲಿಲ್ಲ. ಅಕ್ಷರ ಬಿಡಿಸಿದ, ಪ್ರತಿ ಎತ್ತಿದ ಪಂಡಿತರು ಅನೇಕರು. ಕಲ್ಲಿದ್ದ ಜಾಗ ತೋರಿಸಿದ ಊರವರಂತೂ ಎಣಿಕೆಗೆ ಸಿಗರು. ಮುಖಪುಟದ ಮೇಲೆ ಒಬ್ಬರದೇ ಹೆಸರಿರುವುದು ನನ್ನನ್ನು ಸ್ವಲ್ಪ ಚುಚ್ಚುತ್ತದೆ. ಆದರೂ 1899ರಲ್ಲಿ ರೈಸ್ ಅವರಿಗೆ ಸಹಾಯಕರಾಗಿ ಬಂದ ಆರ್. ನರಸಿಂಹಾಚಾರ್ಯರು ಅವರ ನೆರಳಿನಲ್ಲಿ ಕುಗ್ಗಲಿಲ್ಲ. 1906ರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡಿಗೆ ಹೊರಟಾಗ ಇಲಾಖೆಯ ಹೊಣೆ ಆಚಾರ್ಯರಿಗೆ ಬಂತು. ಮರುವರ್ಷ ಅವರು ಎಸ್. ಜಿ. ನರಸಿಂಹಾಚಾರ್ಯರೊಡಗೂಡಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು ಹೊರತಂದರು. ಗೆಳೆಯರು ತೀರಿಕೊಂಡ ಬಳಿಕ ಉಳಿದೆರಡು ಸಂಪುಟಗಳನ್ನು, 1919 ಮತ್ತು 1929ರಲ್ಲಿ, ಒಬ್ಬರೇ ಪೂರೈಸಿದರು.

ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಆಚಾರ್ಯರ ಇಂಗ್ಲಿಷ್ ಪುಸ್ತಕ ಪ್ರಕಟವಾದದ್ದು 1917ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿದ್ದ ರೈಸ್ ಅವರಿಗೆ ಎಂಬತ್ತು ತುಂಬಿತ್ತು.